ಆ 300 ವರ್ಷದವರು ಯಾರು ಗೊತ್ತಾ?

ನಮಸ್ಕಾರ. ನಿಮ್ಮ ಲೇಖನ ಓದಿದೆ. ಕಂಪ್ಯೂಟರ್ ಹುಟ್ಟಿಸಿದ ರೋಗಿಗಳ ದಾಖಲೆ ಅಸಲಿಗೆ ಎಷ್ಟು ಹತ್ತಿರ ಅಂತ ಮಿಮಿಕ್-3 ಅನ್ನೋ, ಗುರುತು ಅಳಿಸಿದ ಅಸಲಿ ಐಸಿಯು ರೋಗಿಗಳ ಡೇಟಾಸೆಟ್ ಇಟ್ಟುಕೊಂಡು ಪರೀಕ್ಷಿಸಿದ್ದೀರಿ. ಒಳ್ಳೆಯ ವಿಷಯ, ಭಾಷೆಯೂ ಸರಳವಾಗಿದೆ. ಆದರೆ ಎರಡನೇ ಪುಟದಲ್ಲಿ ನನಗೆ ಸಿಟ್ಟು ಬಂತು.

“ಕೆಲವು ರೋಗಿಗಳ ವಯಸ್ಸು 300 ದಾಟಿತ್ತು. ಇಂಥ ತಪ್ಪು ಸಾಲುಗಳನ್ನು ತೆಗೆದು ಡೇಟಾ ಸ್ವಚ್ಛ ಮಾಡಿದೆವು.”

ತಪ್ಪು ಅಂತ ಹೇಗೆ ಗೊತ್ತಾಯಿತು? ಇದು ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಮೆಡಿಕಲ್ ಸೆಂಟರ್‌ನ ಐಸಿಯುಗಳಲ್ಲಿ 2001ರಿಂದ 2012ರವರೆಗೆ ಇದ್ದವರ ದಾಖಲೆ. ರೋಗಿಗಳ ಮಾಹಿತಿಯ ಗೌಪ್ಯತೆ ಕಾಯುವ ಅಮೆರಿಕದ ಹಿಪಾ ನಿಯಮದ ಪ್ರಕಾರ ಗುರುತು ಅಳಿಸುವಾಗ 89 ದಾಟಿದವರ ವಯಸ್ಸನ್ನು ಇದ್ದ ಹಾಗೇ ಕೊಡುವಂತಿಲ್ಲ. ಅಷ್ಟು ವಯಸ್ಸಾದವರು ಕಡಿಮೆ, ಬೇಗ ಪತ್ತೆಯಾಗುತ್ತಾರೆ. ಅದಕ್ಕೇ ಅವರ ಹುಟ್ಟಿದ ದಿನವನ್ನು ಮೊದಲು ದಾಖಲಾದ ದಿನಕ್ಕಿಂತ 300 ವರ್ಷ ಹಿಂದಕ್ಕೆ ಸರಿಸಿದ್ದಾರೆ. ನೀವು ತೆಗೆದುಹಾಕಿದ್ದು ತೊಂಬತ್ತರ ಆಸುಪಾಸಿನ ಅಜ್ಜ ಅಜ್ಜಿಯರನ್ನು.

ಆಮೇಲೆ “ವಯಸ್ಸಿನ ಹಂಚಿಕೆ ಚೆನ್ನಾಗಿ ಹೊಂದಿದೆ” ಅಂದಿದ್ದೀರಿ. ಹೊಂದದೆ ಏನು? ರೋಗಿಗಳನ್ನು ಹುಟ್ಟಿಸಿದ ಕಂಪ್ಯೂಟರ್ ಮಾಡೆಲ್ ಕಲಿತ ಡೇಟಾದಲ್ಲೂ ಅವರಿಲ್ಲ, ಹೋಲಿಸಿದ ಡೇಟಾದಲ್ಲೂ ಇಲ್ಲ. ಕೊನೆಯ ಪುಟದಲ್ಲಿ ಈ ಡೇಟಾ ವೃದ್ಧರ ಚಿಕಿತ್ಸೆಯ ಅಧ್ಯಯನಕ್ಕೆ ನೆರವಾಗುತ್ತದೆ ಅಂತ ಬೇರೆ ಬರೆದಿದ್ದೀರಿ!

ನಾನು ಪತ್ರಿಕೆಯಲ್ಲಿ ಕೆಲಸ ಕಲಿಯುವಾಗ ನಮ್ಮ ಹಿರಿಯ ಉಪಸಂಪಾದಕರು ವಿಚಿತ್ರ ಅಂಕಿಯನ್ನು ಸುಮ್ನೆ ಹೊಡೆದುಹಾಕಲು ಬಿಡುತ್ತಿರಲಿಲ್ಲ. “ಬರೆದವರನ್ನೇ ಕೇಳು ಮಾರಾಯ” ಅಂತ ಫೋನ್ ನನ್ನ ಕಡೆ ತಳ್ಳುತ್ತಿದ್ದರು. ಒಮ್ಮೆ ಹೆರಿಗೆಗಳ ಪಟ್ಟಿ ಬಂತು. ಒಂದು ಊರಿನ ಮುಂದೆ ಸೊನ್ನೆ. ನೋಡಿದರೆ ಟೈಪಿಂಗ್ ತಪ್ಪಿನ ಹಾಗಿತ್ತು. ವಿಚಾರಿಸಿದಾಗ ಗೊತ್ತಾಯಿತು, ಹೊಳೆ ತುಂಬಿ ರಸ್ತೆ ಕಡಿದು ಬಸುರಿಯರೆಲ್ಲ ಪಕ್ಕದ ತಾಲೂಕಿನ ಆಸ್ಪತ್ರೆಗೆ ಹೋಗಿದ್ದರು. ಮರುದಿನ ಆ ಸೊನ್ನೆಯೇ ಸುದ್ದಿಯಾಯಿತು.

ಇನ್ನೊಂದು ಸಾಲು: “ಪ್ರತಿ ಕಾಲಂನ ಸರಾಸರಿ ಹೊಂದುತ್ತದೆ, ಆದ್ದರಿಂದ ಇವರು ನಿಜವಾದ ರೋಗಿಗಳಂತೆಯೇ ಇದ್ದಾರೆ.” ಈ ‘ಆದ್ದರಿಂದ’ ನಿಲ್ಲುವುದಿಲ್ಲ. ಒಬ್ಬ ಗಂಡಸಿನ ಹೆಸರಿಗೆ ಹೆರಿಗೆಯ ಕೋಡ್ ಬಿದ್ದರೂ ಎರಡೂ ಕಾಲಂಗಳ ಸರಾಸರಿ ಸರಿಯಾಗೇ ಇರಬಹುದು, ಅಲ್ವಾ? ಕಾಲಂಗಳನ್ನು ಜೋಡಿಸಿ ನೋಡಬೇಕು. ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚುವ ಅಂಶ) ಏರಿದವರಲ್ಲೇ ಡಯಾಲಿಸಿಸ್ ಜಾಸ್ತಿ ಕಾಣುತ್ತಿದೆಯಾ? ಹುಟ್ಟಿಸಿದ ಡೇಟಾದಿಂದ ಕಲಿತ ಮಾಡೆಲ್, ಬೇರೆ ತೆಗೆದಿಟ್ಟ ಅಸಲಿ ರೋಗಿಗಳ ಮೇಲೆ ಕೆಲಸ ಮಾಡುತ್ತದೆಯಾ? ಇವೆರಡನ್ನೂ ನೋಡಿದ ಮೇಲೆ ಆ ವಾಕ್ಯ ಬರೆಯಿರಿ.

ಹಿರಿಯರನ್ನು ವಾಪಸ್ ಸೇರಿಸಿ. ‘89ಕ್ಕೂ ಹೆಚ್ಚು’ ಅಂತ ಒಂದೇ ಗುಂಪು ಮಾಡಿದರೆ ಸಾಕು. ಲೆಕ್ಕ ಮತ್ತೆ ಮಾಡಿ ಕಳಿಸಿ. ಹೊಂದಿಕೆ ಕೆಟ್ಟರೆ ಕೆಟ್ಟಿದ್ದನ್ನೇ ಬರೆಯಿರಿ, ಅದನ್ನೂ ಛಾಪಿಸುತ್ತೇನೆ.