ತುರ್ತು ಪಶುಚಿಕಿತ್ಸೆಯ ಪಟ್ಟಿ: ಗೋಡೆಗೆ ಅಂಟಿಸುವ ಮುನ್ನ

ಪ್ರಶ್ನೆ: ನಮ್ಮ ಊರಿನ ಹಾಲು ಉತ್ಪಾದಕರ ಸಂಘದಲ್ಲಿ ತುರ್ತು ಪಶುಚಿಕಿತ್ಸೆ ಸಿಗುವ ಸ್ಥಳಗಳ ಪಟ್ಟಿಯೊಂದನ್ನು ಹಾಕಬೇಕೆಂದಿದ್ದೇವೆ. ಕಳೆದ ಮಳೆಗಾಲದಲ್ಲಿ ಸದಸ್ಯರೊಬ್ಬರ ಹಸು ಕರು ಹಾಕಲಾಗದೆ ಒದ್ದಾಡುತ್ತಿದ್ದಾಗ, ವಾಟ್ಸ್ಆ್ಯಪ್‌ನಲ್ಲಿ ಬಂದ ಪಟ್ಟಿ ನೋಡಿ ಕರೆ ಮಾಡಿದರೆ ಒಂದು ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ, ಇನ್ನೊಂದು ಔಷಧದ ಅಂಗಡಿಯದು, ಮತ್ತೊಂದು ನಾಯಿ, ಬೆಕ್ಕುಗಳನ್ನು ಮಾತ್ರ ನೋಡುವ ಕ್ಲಿನಿಕ್‌ನದು. ನಮ್ಮ ಪಟ್ಟಿ ಹೀಗಾಗದಂತೆ ಪರಿಶೀಲಿಸುವುದು ಹೇಗೆ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸಂಖ್ಯೆ ಸರಿಯಿದೆಯೇ ಎಂದು ನೋಡುವುದು ಸುಲಭ. ರಾತ್ರಿ ಆ ಕರೆಯನ್ನು ಯಾರು ಸ್ವೀಕರಿಸುತ್ತಾರೆ, ಅವರು ಯಾವ ಪ್ರಾಣಿಗೆ ಏನು ಮಾಡಬಲ್ಲರು ಎಂಬುದನ್ನು ತಿಳಿಯುವುದೇ ನಿಜವಾದ ಪರಿಶೀಲನೆ.

ಮೊದಲು ಸಂಸ್ಥೆಯ ಸ್ವರೂಪವನ್ನು ವಿಚಾರಿಸಿ. ಪಶು ಆಸ್ಪತ್ರೆ, ಪಶು ಚಿಕಿತ್ಸಾಲಯ ಮತ್ತು ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರ ಈ ಮೂರನ್ನೂ ಹರಿದಾಡುವ ಪಟ್ಟಿಗಳು ‘ಆಸ್ಪತ್ರೆ’ ಎಂದೇ ಬರೆದುಬಿಡುತ್ತವೆ. ಪ್ರಾಥಮಿಕ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಇರುವವರು ಪಶುವೈದ್ಯರಲ್ಲ, ಪಶುವೈದ್ಯಕೀಯ ಪರೀಕ್ಷಕರು. ಲಸಿಕೆಗೆ, ಪ್ರಥಮ ಚಿಕಿತ್ಸೆಗೆ ಅವರ ನೆರವು ದೊಡ್ಡದು. ಆದರೆ ಕರು ಅಡ್ಡ ತಿರುಗಿ ಶಸ್ತ್ರಚಿಕಿತ್ಸೆಯೇ ಬೇಕಾದಾಗ ವೈದ್ಯರೇ ಬೇಕು. ಖಾಸಗಿಯವರಾದರೆ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳುವುದಕ್ಕೆ ಸಂಕೋಚಪಡಬೇಕಿಲ್ಲ.

ನಂತರ ಕರೆ ಮಾಡಿ. ‘24 ಗಂಟೆ’ ಎಂದು ಎಲ್ಲಿ ಬರೆದಿದ್ದರೂ, ಬಾಗಿಲು ತೆರೆದಿರುತ್ತದೆಯೋ ಅಥವಾ ಫೋನ್ ಮಾತ್ರ ಎತ್ತುತ್ತಾರೋ, ದನಕರುಗಳನ್ನು ನೋಡುತ್ತಾರೋ, ಕೊಟ್ಟಿಗೆಗೇ ಬರುತ್ತಾರೋ, ಹಾವು ಕಡಿತಕ್ಕೆ ಪ್ರತಿವಿಷ ಇಟ್ಟಿದ್ದಾರೋ ಎಂಬುದನ್ನು ಅಲ್ಲಿನವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಹಗಲಿನಲ್ಲೊಮ್ಮೆ, ರಾತ್ರಿ ಊಟದ ಹೊತ್ತಿಗೆ ಇನ್ನೊಮ್ಮೆ ಮಾಡಿದರೆ ಸಾಕು. ಪರೀಕ್ಷೆಗೆಂದು ನಡುರಾತ್ರಿ ವೈದ್ಯರನ್ನು ಎಬ್ಬಿಸುವುದು ನ್ಯಾಯವಲ್ಲ. ಸ್ಥಿರ ದೂರವಾಣಿಯಾದರೆ ಕೋಡ್ ಗಮನಿಸಿ: 08181 ತೀರ್ಥಹಳ್ಳಿಯದು, 08182 ಶಿವಮೊಗ್ಗದ್ದು, 08183 ಸಾಗರದ್ದು. ತೀರ್ಥಹಳ್ಳಿಯ ವಿಳಾಸದ ಮುಂದೆ 08182 ಕಂಡರೆ ಅನುಮಾನಿಸಬೇಕು.

ಪಟ್ಟಿಯ ತಲೆಯಲ್ಲಿ ಸಂಚಾರಿ ಪಶು ಚಿಕಿತ್ಸಾ ವಾಹನಗಳ 1962 ಇರಲಿ. ಆದರೆ ಕೇಂದ್ರದ ಯೋಜನೆಯಲ್ಲಿ ಒಂದು ಲಕ್ಷ ಜಾನುವಾರುಗಳಿಗೆ ಒಂದು ವಾಹನ ಎಂಬುದು ಲೆಕ್ಕ. ಚದುರಿದ ಮನೆಗಳ ಮಲೆನಾಡಿನಲ್ಲಿ ಅದು ಬಂದು ಸೇರಲು ಎಷ್ಟು ಹೊತ್ತಾಗಬಹುದೆಂದು ನೀವೇ ಊಹಿಸಬಹುದು. ನಿಮ್ಮ ಭಾಗದ ವಾಹನದ ಸೇವಾ ಸಮಯವನ್ನು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿ, ಅವರು ಹೇಳಿದ್ದನ್ನಷ್ಟೇ ಬರೆಯಿರಿ. ಇಲಾಖೆಯ ಸಹಾಯವಾಣಿ 8277 100 200 ಅದರ ಕೆಳಗೆ ಬರಲಿ. ಸಂಘದ ಸದಸ್ಯರಿಗೆ ಹಾಲು ಒಕ್ಕೂಟದ ಪಶುವೈದ್ಯರ ಸೇವೆಯೂ ಇರುವುದರಿಂದ ಆ ವಿವರವನ್ನು ಕಾರ್ಯದರ್ಶಿಯವರೇ ಒಕ್ಕೂಟದಿಂದ ಪಡೆಯುವುದು ಮೇಲು.

ಶಿವಮೊಗ್ಗದ ವಿನೋಬನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಚಿಕಿತ್ಸಾ ವಿಭಾಗವಿದೆ. ಆದರೆ ತೀರ್ಥಹಳ್ಳಿಯಿಂದ ಅದು ಸುಮಾರು 60 ಕಿಲೋಮೀಟರ್ ದೂರ. ನೋವು ತಿನ್ನುತ್ತಿರುವ ಹಸುವನ್ನು ಮಳೆಯಲ್ಲಿ ಗಾಡಿಗೆ ಹತ್ತಿಸುವ ಮುನ್ನ ಕರೆ ಮಾಡಲೇಬೇಕು ಎಂಬ ಸೂಚನೆಯನ್ನೂ ಆ ಹೆಸರಿನ ಪಕ್ಕದಲ್ಲಿ ಬರೆಯಿರಿ.

ಪ್ರತಿ ಹೆಸರಿನ ಮುಂದೆ ವಿಚಾರಿಸಿದ ದಿನಾಂಕವೂ ವಿಚಾರಿಸಿದವರ ಹೆಸರೂ ಇರಲಿ. ಸರ್ಕಾರಿ ವೈದ್ಯರಿಗೆ ವರ್ಗಾವಣೆಯಾದರೆ ಅವರ ಸ್ವಂತ ಮೊಬೈಲ್ ಸಂಖ್ಯೆಯೂ ಅವರೊಂದಿಗೇ ಹೋಗುತ್ತದೆ. ಆದ್ದರಿಂದ ಸಂಸ್ಥೆಯ ಸಂಖ್ಯೆ ಮುಖ್ಯ, ವೈದ್ಯರದ್ದನ್ನು ಅವರ ಒಪ್ಪಿಗೆ ಪಡೆದೇ ಹಾಕಬೇಕು. ಅನುಮಾನ ಉಳಿದ ಹೆಸರುಗಳನ್ನು ತೆಗೆದುಹಾಕಿ. ಪಟ್ಟಿ ನಾಲ್ಕೇ ಸಾಲಿಗೆ ಇಳಿದರೂ ಚಿಂತೆಯಿಲ್ಲ.

ಪ್ರಶ್ನೆ: ಮುಚ್ಚಿಹೋದ ಪಶು ಕ್ಲಿನಿಕ್ ಒಂದನ್ನು ಗೂಗಲ್ ನಕ್ಷೆ ಈಗಲೂ ತೆರೆದಿದೆ ಎಂದೇ ತೋರಿಸುತ್ತಿದೆ. ಏನು ಮಾಡಬಹುದು?
– ಓದುಗರು, ಸಾಗರ

ಉತ್ತರ: ನಕ್ಷೆಯಲ್ಲಿ ಆ ಸ್ಥಳದ ಹೆಸರನ್ನು ಒತ್ತಿದರೆ ತಿದ್ದುಪಡಿ ಸೂಚಿಸುವ ಆಯ್ಕೆ ಸಿಗುತ್ತದೆ, ಅಲ್ಲಿ ಶಾಶ್ವತವಾಗಿ ಮುಚ್ಚಿದೆ ಎಂದು ತಿಳಿಸಿ. ಯಾರು ಬೇಕಾದರೂ ಹೀಗೆ ಸೂಚಿಸಬಹುದು, ಆದ್ದರಿಂದಲೇ ನಕ್ಷೆಯ ಸಮಯಗಳನ್ನು ಕರೆ ಮಾಡಿ ಕೇಳದೆ ನಂಬಬಾರದು. ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಶಿವಮೊಗ್ಗ ಎಂದಾದರೂ ‘ಶಿಮೊಗ್ಗ’ ಎಂಬ ಹಳೆಯ ನಮೂದುಗಳು ಇನ್ನೂ ಉಳಿದಿರುವುದುಂಟು. ಎರಡೂ ಹೆಸರಿನಲ್ಲಿ ಹುಡುಕಿ, ಒಂದೇ ಕ್ಲಿನಿಕ್ ಎರಡು ಕಡೆ ಎರಡು ಸಂಖ್ಯೆಗಳೊಂದಿಗೆ ಕಾಣಿಸಿದರೆ ಹಳೆಯದನ್ನೂ ಸೂಚಿಸಿ.