ಟೊಮ್ಯಾಟೊ ಈಗ ಜಾರ್‌ಗೆ ತುಂಬಿ, ಒಗ್ಗರಣೆ ಆಮೇಲೆ ಹಾಕಿ

ಪ್ರಶ್ನೆ: ನಾವು ನ್ಯೂಜೆರ್ಸಿಲಿ ಇದೀವಿ. ಹೋದ ವರ್ಷ ದೊಡ್ಡ ದೊಡ್ಡ ಸ್ಲೈಸಿಂಗ್ ಟೊಮ್ಯಾಟೊ ಹಾಕಿದ್ವಿ, ಸಾಸ್ ಮಾಡೋಕೆ ಹೋದ್ರೆ ಮೂರು ಗಂಟೆ ಕುದಿಸಿದ್ರೂ ಸಾರಿನ ಹಾಗೇ ಇತ್ತು. ಈ ಸಲ ಬೀಜದಿಂದಲೇ ಪೇಸ್ಟ್ ಟೊಮ್ಯಾಟೊ ಬೆಳೀಬೇಕು ಅಂತ ಆಸೆ. ಯಾವ ತಳಿ ಹಾಕೋದು, ಯಾವಾಗ ಬಿತ್ತೋದು? ಆಗಸ್ಟ್‌ಲಿ ಅಮ್ಮ ಇಲ್ಲೇ ಇರ್ತಾರೆ, ಅವರ ಕೈಲಿ ಟೊಮ್ಯಾಟೊ ಗೊಜ್ಜು ಮಾಡಿಸಿ ಜಾರ್‌ಗೆ ತುಂಬಿ, ಮುಚ್ಚಿದ ಜಾರನ್ನ ಕುದಿಯೋ ನೀರಲ್ಲಿಟ್ಟು ಕೆಡದ ಹಾಗೆ ಮಾಡ್ತಾರಲ್ಲ, ಆ ಕ್ಯಾನಿಂಗ್ ಮಾಡಿ ವರ್ಷಪೂರ್ತಿ ಇಟ್ಕೋಬಹುದಾ?

ಉತ್ತರ: ಕೊನೇ ಪ್ರಶ್ನೆಗೆ ಮೊದ್ಲು ಹೇಳಿಬಿಡ್ತೀನಿ, ಯಾಕಂದ್ರೆ ಇದು ಆರೋಗ್ಯದ ವಿಷಯ. ಗೊಜ್ಜನ್ನ ಕ್ಯಾನಿಂಗ್ ಮಾಡಬೇಡಿ. ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿ, ಉದ್ದಿನಬೇಳೆ ಒಗ್ಗರಣೆ ಎಲ್ಲ ಸೇರಿದ್ಮೇಲೆ ಅದು ಬರೀ ಟೊಮ್ಯಾಟೊ ಆಗಿ ಉಳಿಯಲ್ಲ, ಹುಳಿ ಎಷ್ಟಿದೆ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಗಾಳಿ ಇಲ್ಲದ ಜಾರ್ ಒಳಗೆ ಪಿಎಚ್ (ಹುಳಿಯ ಅಳತೆ, ಹುಳಿ ಕಮ್ಮಿಯಾದಷ್ಟೂ ಈ ಅಂಕಿ ಏರುತ್ತೆ) 4.6ಕ್ಕಿಂತ ಮೇಲೆ ಹೋದ್ರೆ ಬಾಟ್ಯುಲಿಸಮ್ ಅನ್ನೋ ಜೀವಕ್ಕೇ ಅಪಾಯದ ಆಹಾರವಿಷ ತರೋ ಬ್ಯಾಕ್ಟೀರಿಯಾ ಬೆಳೆಯಬಹುದು, ಅದರ ವಿಷಕ್ಕೆ ಎಷ್ಟೋ ಸಲ ವಾಸನೆಯೂ ಇರಲ್ಲ ಬಣ್ಣವೂ ಬದಲಾಗಲ್ಲ. ಹುಣಸೆಹಣ್ಣು ಹಾಕ್ತೀವಲ್ಲ ಅಂತ ಅಮ್ಮ ಕೇಳಬಹುದು, ನಮ್ಮಮ್ಮನೂ ಕೇಳಿದ್ರು. ಹುಣಸೆಯ ಹುಳಿ ಒಂದೊಂದು ಸಲ ಒಂದೊಂದು ಥರ, ಅದನ್ನ ನಂಬಿ ಜಾರ್ ಮುಚ್ಚೋ ಹಾಗಿಲ್ಲ. ಊರಿಂದ ತಂದ ಕುಕ್ಕರ್ ಕೂಡ ಪ್ರೆಶರ್ ಕ್ಯಾನರ್ (ಜಾರ್‌ಗಳನ್ನ ಹೆಚ್ಚು ಒತ್ತಡದಲ್ಲಿ ಬಿಸಿ ಮಾಡೋಕೇ ಇರೋ ಪಾತ್ರೆ) ಅಲ್ಲ, ಎಷ್ಟು ವಿಷಲ್ ಹೊಡೆಸಿದ್ರೂ ಅಷ್ಟೇ.

ಅದರ ಬದಲು ಬರೀ ಟೊಮ್ಯಾಟೊ ಸಾಸ್ ಮಾಡಿ ಜಾರ್‌ಗೆ ತುಂಬಿ. ಜನವರಿ ಚಳೀಲಿ ಒಂದು ಜಾರ್ ತೆಗೆದು ಬಾಣಲೆಗೆ ಸಾಸಿವೆ, ಇಂಗು, ಕರಿಬೇವು ಹಾಕಿ ಅದನ್ನ ಸುರಿದ್ರೆ ಹತ್ತೇ ನಿಮಿಷದಲ್ಲಿ ಗೊಜ್ಜು ರೆಡಿ, ರುಚಿನೂ ತಾಜಾ ಇರುತ್ತೆ. ಅಮ್ಮ ಮಾಡಿದ್ದೇ ಬೇಕು ಅಂದ್ರೆ ಫ್ರೀಜರ್‌ಲಿಡಿ, ಡಬ್ಬಿ ತುಂಬಾ ತುಂಬಬೇಡಿ, ಮೇಲೆ ಒಂದಿಂಚು ಜಾಗ ಬಿಡಿ.

ಇನ್ನು ತಳಿ. ಪೇಸ್ಟ್ ಟೊಮ್ಯಾಟೊದಲ್ಲಿ ತಿರುಳು ಜಾಸ್ತಿ, ಬೀಜ ಮತ್ತು ನೀರು ಕಮ್ಮಿ, ಅದಕ್ಕೇ ಬೇಗ ಗಟ್ಟಿಯಾಗುತ್ತೆ. ಕ್ಯಾನಿಂಗ್‌ಗೆ ನನ್ನ ಆಯ್ಕೆ ರೋಮಾ ವಿಎಫ್. ಗಿಡ ಒಂದು ಎತ್ತರಕ್ಕೆ ನಿಂತುಬಿಡುತ್ತೆ, ಹಣ್ಣೆಲ್ಲ ಎರಡು ಮೂರು ವಾರದೊಳಗೆ ಒಟ್ಟಿಗೆ ಬರುತ್ತೆ, ಒಂದೇ ಶನಿವಾರ ಕೂತು ಕೆಲಸ ಮುಗಿಸಬಹುದು. ವಿ ಮತ್ತು ಎಫ್ ಅಂದ್ರೆ ವರ್ಟಿಸಿಲಿಯಮ್ ಮತ್ತು ಫ್ಯುಸೇರಿಯಮ್ ಅನ್ನೋ ಎರಡು ಸೊರಗು ರೋಗ ತಡ್ಕೊಳ್ಳುತ್ತೆ ಅಂತ. ಇಟಲಿಯ ನೇಪಲ್ಸ್ ಕಡೆಯ ಸ್ಯಾನ್ ಮಾರ್ಜಾನೋ ರುಚಿ ಇನ್ನೂ ಚೆನ್ನ, ಆದ್ರೆ ಅದು ಬಳ್ಳಿ ಥರ ಬೆಳೀತಾನೇ ಇರುತ್ತೆ, ಗಟ್ಟಿ ಕೋಲು ಕೊಡಬೇಕು, ಹಣ್ಣೂ ನಾಲ್ಕು ನಾಲ್ಕೇ ಬರುತ್ತೆ. ಹಾಗೆ ಬಂದಿದ್ದನ್ನ ತೊಳೆದು ಇಡಿಯಾಗೇ ಫ್ರೀಜರ್‌ಗೆ ಹಾಕ್ತಾ ಹೋಗಿ, ಹೊರಗೆ ತೆಗೆದು ನೀರಲ್ಲಿ ಹಿಡಿದ್ರೆ ಸಿಪ್ಪೆ ತಾನಾಗೇ ಜಾರುತ್ತೆ.

ಬಿತ್ತೋದು ಕೊನೆಯ ಫ್ರಾಸ್ಟ್ (ರಾತ್ರಿ ಚಳಿಗೆ ಇಬ್ಬನಿ ಹೆಪ್ಪುಗಟ್ಟೋದು) ಆಗೋ ದಿನಕ್ಕೆ 6ರಿಂದ 8 ವಾರ ಮುಂಚೆ. ನಿಮ್ಮ ಕಡೆ ಮೇ ಮಧ್ಯದಲ್ಲಿ ಸಸಿ ಹೊರಗೆ ನೆಡಬಹುದು, ಅಂದ್ರೆ ಮಾರ್ಚ್ ಕೊನೇ ಎರಡು ವಾರದಲ್ಲಿ ಬೀಜ ಹಾಕಿ. ಯುಗಾದಿ ದಿನ ಹಾಕೋಣ ಅಂತ ಕಾಯಬೇಡಿ, ಅದು ಕೆಲವು ವರ್ಷ ಏಪ್ರಿಲ್‌ಗೆ ಹೋಗಿಬಿಡುತ್ತೆ. ಕಾಲಿಂಚು ಆಳ ಸಾಕು. ಮಣ್ಣು 21ರಿಂದ 27 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ರೆ ಒಂದು ವಾರ ಹತ್ತು ದಿನದಲ್ಲಿ ಮೊಳಕೆ ಬರುತ್ತೆ. ಸುಮಾರು ಜನ ಸೋಲೋದು ಇದರ ಮುಂದಿನ ಹಂತದಲ್ಲಿ, ಕಿಟಕಿ ಬೆಳಕು ಸಾಕು ಅಂದ್ಕೊಂಡು ಸಸಿಗಳು ದಾರದ ಹಾಗೆ ಉದ್ದ ಆಗಿ ಬಿದ್ದುಹೋಗುತ್ತೆ. ಒಂದು ಸಾದಾ ಎಲ್‌ಇಡಿ ಲೈಟ್ ಸಸಿಯಿಂದ ಮೂರು ನಾಲ್ಕು ಇಂಚು ಮೇಲೆ ಕಟ್ಟಿ ದಿನಕ್ಕೆ 14ರಿಂದ 16 ಗಂಟೆ ಉರಿಸಿ, ಗಿಡ ಬೆಳೆದ ಹಾಗೆ ಲೈಟನ್ನೂ ಏರಿಸಿ. ನೆಡೋಕೆ ಮುಂಚೆ ಒಂದು ವಾರ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹೊರಗಿಟ್ಟು ಬಿಸಿಲು ಗಾಳಿ ಅಭ್ಯಾಸ ಮಾಡಿಸಿ. ನೆಡುವಾಗ ಕೆಳಗಿನ ಎಲೆ ಕಿತ್ತು ಕಾಂಡದ ಅರ್ಧ ಹೂತುಬಿಡಿ, ಹೂತ ಕಾಂಡಕ್ಕೆಲ್ಲ ಬೇರು ಬರುತ್ತೆ.

ಲೆಕ್ಕ ಹೇಳ್ತೀನಿ ಬರ್ಕೊಳ್ಳಿ. ಏಳು ಕ್ವಾರ್ಟ್ (ಒಂದು ಕ್ವಾರ್ಟ್ ಅಂದ್ರೆ ಹತ್ತಿರ ಹತ್ತಿರ ಒಂದು ಲೀಟರ್, ಪಿಂಟ್ ಅದರ ಅರ್ಧ) ಗಟ್ಟಿ ಸಾಸ್‌ಗೆ ಸುಮಾರು 46 ಪೌಂಡ್ ಹಣ್ಣು ಬೇಕು, ಹಾಗಾಗಿ ಎಂಟು ಹತ್ತು ಗಿಡ ಇಡಿ. ಪ್ರತಿ ಕ್ವಾರ್ಟ್ ಜಾರ್‌ಗೆ 2 ಟೇಬಲ್ ಸ್ಪೂನ್, ಪಿಂಟ್‌ಗೆ 1 ಟೇಬಲ್ ಸ್ಪೂನ್ ನಿಂಬೆರಸ ಹಾಕಲೇಬೇಕು, ಟೊಮ್ಯಾಟೊ ಎಷ್ಟೇ ಹುಳಿ ಇದ್ರೂ. ಇಲ್ಲಿ ಮಾತ್ರ ತಾಜಾ ನಿಂಬೆ ಹಿಂಡಬೇಡಿ, ಅಂಗಡಿಯ ಬಾಟ್ಲಿ ರಸವೇ ತನ್ನಿ, ಅದರ ಹುಳಿ ಒಂದೇ ಮಟ್ಟದಲ್ಲಿರುತ್ತೆ. ಜಾರ್ ಮುಳುಗಿ ಒಂದಿಂಚು ಮೇಲೆ ನೀರಿರಲಿ, ನೀರು ಕುದಿ ಬಂದ ಮೇಲಿಂದ ಪಿಂಟ್‌ಗೆ 35 ನಿಮಿಷ, ಕ್ವಾರ್ಟ್‌ಗೆ 40. ಇದು 1,000 ಅಡಿ ಎತ್ತರದವರೆಗಿನ ಊರಿನ ಲೆಕ್ಕ, ಗುಡ್ಡದ ಕಡೆ ಇರೋರು ಇನ್ನೂ ಜಾಸ್ತಿ ಹೊತ್ತು ಕುದಿಸಬೇಕು.

ಪ್ರಶ್ನೆ: ನಮ್ಮ ರೋಮಾ ಕಾಯಿಗಳ ತಳ ಕಪ್ಪಾಗಿ ಒಳಕ್ಕೆ ಕುಸೀತಿದೆ. ಮೊಟ್ಟೆ ಸಿಪ್ಪೆ ಪುಡಿ ಹಾಕ್ತಿದೀನಿ, ಏನೂ ಪ್ರಯೋಜನ ಆಗಿಲ್ಲ.

ಉತ್ತರ: ಇದು ರೋಗ ಅಲ್ಲ, ಪಕ್ಕದ ಗಿಡಕ್ಕೆ ಅಂಟಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪ್ತಿಲ್ಲ. ಮಣ್ಣಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಇದ್ದೇ ಇರುತ್ತೆ, ಅದನ್ನ ಹೊತ್ತು ತರೋದು ನೀರು, ಮೂರು ದಿನ ಒಣಗಿಸಿ ನಾಲ್ಕನೇ ದಿನ ಹೊಳೆ ಹರಿಸಿದ್ರೆ ಆ ಸಾಗಾಣಿಕೆ ತಪ್ಪುತ್ತೆ. ಮೊಟ್ಟೆ ಸಿಪ್ಪೆ ಕರಗೋಕೆ ತಿಂಗಳುಗಳೇ ಬೇಕು, ಈ ಬೆಳೆಗೆ ಆಗಲ್ಲ. ಬುಡಕ್ಕೆ ಒಣಹುಲ್ಲು ಹೊದಿಸಿ, ವಾರಕ್ಕೆ ಒಂದರಿಂದ ಒಂದೂವರೆ ಇಂಚು ನೀರು ಸಮವಾಗಿ ಸಿಗೋ ಹಾಗೆ ನೋಡ್ಕೊಳ್ಳಿ, ಯೂರಿಯಾ ಥರದ ಸಾರಜನಕದ ಗೊಬ್ಬರ ನಿಲ್ಲಿಸಿ. ಉದ್ದ ಕಾಯಿಯ ತಳಿಗಳಿಗೆ ಈ ಕಾಟ ಜಾಸ್ತಿ, ಅದರಲ್ಲೂ ಮೊದಲ ಗೊಂಚಲಿಗೆ. ಕಪ್ಪಾದ ಕಾಯಿ ಕಿತ್ತು ಹಾಕಿ, ನೀರು ಸರಿ ಹೋದ್ರೆ ಮುಂದಿನ ಗೊಂಚಲು ಚೆನ್ನಾಗೇ ಬರುತ್ತೆ.