ಏಜೆಂಟ್ ಹೇಳಿದ ಬೆಲೆ, ಸರ್ವೇಯರ್ ಕಂಡ ಮನೆ

ಬ್ರಿಟನ್ನಿನಲ್ಲಿ ಮನೆ ಮಾರಲು ಹೊರಟ ಮೂವರು ಓದುಗರ ಪ್ರಶ್ನೆಗಳಿಗೆ ಅಲ್ಲಿ ಬಹುಕಾಲ ಕಟ್ಟಡ ಪರಿಶೀಲನೆ ಮಾಡಿದ ತಜ್ಞರ ಉತ್ತರ.

ಪ್ರಶ್ನೆ: ಲೆಸ್ಟರ್‌ನಲ್ಲಿರುವ ನಮ್ಮ ಹಳೆಯ ಟೆರೇಸ್ ಮನೆಯನ್ನು (ಗೋಡೆಗೆ ಗೋಡೆ ಅಂಟಿದ ಸಾಲುಮನೆ) ಮಾರಬೇಕೆಂದಿದ್ದೇವೆ. ನೂರು ವರ್ಷ ದಾಟಿದ ಕಟ್ಟಡ. ಮೂವರು ಎಸ್ಟೇಟ್ ಏಜೆಂಟರು ಬಂದು ಮೂರು ಬೆಲೆ ಹೇಳಿದರು. ಮೇಲಿನದಕ್ಕೂ ಕೆಳಗಿನದಕ್ಕೂ 35 ಸಾವಿರ ಪೌಂಡ್ ಅಂತರ. ಮೊದಲು ಚಾರ್ಟರ್ಡ್ ಸರ್ವೇಯರ್ ಒಬ್ಬರನ್ನು ಕರೆಸಿ ಎಂದು ಸ್ನೇಹಿತರು ಹೇಳುತ್ತಾರೆ. ನಮ್ಮ ಯಜಮಾನರು, ‘ಎರಡೂ ಕಡೆ ಪಕ್ಕದ ಮನೆಯ ಗೋಡೆ. ಅಳೆಯುವುದಕ್ಕೆ ಇಲ್ಲಿ ಏನಿದೆ?’ ಎನ್ನುತ್ತಾರೆ. ಕರೆಸಬೇಕೇ?

ಉತ್ತರ: ಯಜಮಾನರ ಮಾತಿಗೆ ನಗು ಬಂತು, ಆದರೆ ತಪ್ಪು ಅವರದ್ದಲ್ಲ. ನಮ್ಮೂರಿನಲ್ಲಿ ಸರ್ವೇಯರ್ ಎಂದರೆ ಹದ್ದುಬಸ್ತು ಮಾಡಿ ಬಾಂದುಕಲ್ಲು ತೋರಿಸಿ ಹೋಗುವವರು. ಇಂಗ್ಲೆಂಡಿನಲ್ಲಿ ಆ ಒಂದೇ ಹೆಸರಿನಡಿ ಹಲವು ಕಸುಬುಗಳಿವೆ. ಮನೆ ಮಾರುವವರಿಗೆ ಸಂಬಂಧಿಸಿದವು ಎರಡು: ಕಟ್ಟಡದ ಆರೋಗ್ಯ ನೋಡುವುದು, ಅದಕ್ಕೆ ಬೆಲೆ ಕಟ್ಟುವುದು. ‘ಚಾರ್ಟರ್ಡ್’ ಎಂದರೆ 1868ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, 1881ರಲ್ಲಿ ರಾಜಸನ್ನದು ಪಡೆದ ಸಂಸ್ಥೆಯ ಸದಸ್ಯರು. ಆ ಸಂಸ್ಥೆಗೆ ಈಗ ಆರ್‌ಐಸಿಎಸ್ ಎಂಬ ಹೆಸರು. ಹೆಸರಿನ ನಂತರ ಎಂಆರ್‌ಐಸಿಎಸ್ ಅಥವಾ ಎಫ್‌ಆರ್‌ಐಸಿಎಸ್ ಎಂದಿದೆಯೇ ನೋಡಿಕೊಳ್ಳಿ.

ಬೆಲೆಗಾಗಿಯೇ ಆದರೆ ಕರೆಸಬೇಡಿ. ಏಜೆಂಟರು ಪುಕ್ಕಟೆಯಾಗಿ ಬೆಲೆ ಹೇಳುವುದು ಮನೆ ತಮ್ಮ ಕೈಗೆ ಸಿಗಲಿ ಎಂದು. ಹೆಚ್ಚು ಹೇಳಿದವರತ್ತ ಮನಸ್ಸು ವಾಲುವುದು ಸಹಜ. ಕರಾರಿಗೆ ಸಹಿ ಬಿದ್ದು ಆರು ವಾರ ಕಳೆದ ಮೇಲೆ ‘ಮಾರುಕಟ್ಟೆ ಸ್ವಲ್ಪ ತಣ್ಣಗಿದೆ, ಇಳಿಸೋಣ’ ಎಂಬ ಫೋನ್ ಬರುತ್ತದೆ. ನಿಮ್ಮ ಬೀದಿಯಲ್ಲಿ ಯಾವ ಮನೆ ಎಷ್ಟಕ್ಕೆ ಹೋಯಿತು ಎಂಬುದು ಆಸ್ತಿ ನೋಂದಣಿಯ ಸರ್ಕಾರಿ ಇಲಾಖೆಯಾದ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಮುಂದಿಟ್ಟುಕೊಂಡು, ಹೆಚ್ಚು ಬೆಲೆ ಹೇಳಿದ ಏಜೆಂಟರನ್ನು ‘ಯಾವ ಮನೆಯನ್ನು ನೋಡಿ ಹೇಳಿದಿರಿ?’ ಎಂದು ಕೇಳಿ. ಉತ್ತರ ತಡವರಿಸಿದರೆ ಸಾಕು, ನಿಮಗೆ ಬೇಕಾದದ್ದು ತಿಳಿಯಿತು.

ಕಟ್ಟಡದ ವಿಷಯ ಬೇರೆ. ಇಂಗ್ಲೆಂಡಿನಲ್ಲಿ ಬೆಲೆ ಒಪ್ಪಿಗೆಯಾದ ಮೇಲೆ ಕೊಳ್ಳುವವರು ತಮ್ಮ ಸರ್ವೇಯರನ್ನು ಕಳಿಸುತ್ತಾರೆ. ವರದಿಯಲ್ಲಿ ಮನೆಯ ಒಂದೊಂದು ಭಾಗಕ್ಕೂ ಹಸಿರು, ಹಳದಿ, ಕೆಂಪು ಎಂದು 1ರಿಂದ 3ರವರೆಗೆ ಅಂಕ ಬೀಳುತ್ತದೆ. ಕೆಂಪು ಕಂಡ ಕೂಡಲೇ ಚೌಕಾಸಿ ಮತ್ತೆ ಶುರು. ಕರಾರು ಪತ್ರಗಳು ಕೈ ಬದಲಾಗುವ ತನಕ ಯಾರೂ ಯಾರಿಗೂ ಬದ್ಧರಲ್ಲ. ಅಷ್ಟರಲ್ಲಿ ನೀವು ಮುಂದಿನ ಮನೆಗೆ ಮಾತು ಕೊಟ್ಟಿರುತ್ತೀರಿ, ಕಾಗದಪತ್ರ ನೋಡುವ ವಕೀಲರಾದ ಸಾಲಿಸಿಟರ್‌ಗೆ ದುಡ್ಡು ಕಟ್ಟಿರುತ್ತೀರಿ. ಕೇಳಿದಷ್ಟು ಬಿಟ್ಟುಕೊಡುವುದೊಂದೇ ಉಳಿಯುವ ದಾರಿ.

ಒಂದು ಮನೆಯ ಕಥೆ ಹೇಳುತ್ತೇನೆ. ಮಿಡ್‌ಲ್ಯಾಂಡ್ಸ್‌ನದೇ, ಅಂದರೆ ನಿಮ್ಮ ಲೆಸ್ಟರ್ ಕಡೆಯದೇ, ನಿಮ್ಮದರಷ್ಟೇ ಹಳೆಯದು. ಕೊಳ್ಳುವವರ ಪರವಾಗಿ ಹೋಗಿದ್ದೆ. ಮುಂದಿನ ಕೋಣೆಗೆ ಹೊಸ ಬಣ್ಣ, ಇನ್ನೂ ವಾಸನೆ ಆರಿರಲಿಲ್ಲ. ಕಿಟಕಿಯ ಕೆಳಗೆ ತೇವ ಅಳೆಯುವ ಮೀಟರಿನ ಎರಡು ಮೊಳೆ ಊರಿದೆ, ಒಂದೇ ಸಮನೆ ಚೀರಿತು. ಗೋಡೆಗೆ ರಾಸಾಯನಿಕ ತುಂಬಬೇಕು, ಸಾವಿರಾರು ಪೌಂಡ್ ಆಗುತ್ತದೆ ಎಂದು ಯಾವುದೋ ಕಂಪನಿ ಮನೆ ಮಾರುತ್ತಿದ್ದ ದಂಪತಿಯನ್ನು ಮೊದಲೇ ಹೆದರಿಸಿತ್ತಂತೆ, ಅದಕ್ಕೇ ಬಣ್ಣ. ಹೊರಗೆ ಬಂದು ನೋಡಿದರೆ ಕಾರು ನಿಲ್ಲಿಸಲೆಂದು ಅಂಗಳಕ್ಕೆ ಕಲ್ಲು ಹಾಸಿ ನೆಲ ಎತ್ತರಿಸಿದ್ದರು. ಗೋಡೆಯಲ್ಲಿ ತೇವ ತಡೆಯುವ ಪದರಕ್ಕಿಂತ ಹೊರಗಿನ ನೆಲ 150 ಮಿಲಿಮೀಟರ್ ಕೆಳಗಿರಬೇಕು. ಇಲ್ಲಿ ಎರಡೂ ಸಮ. ಮರದ ನೆಲದಡಿ ಗಾಳಿಯಾಡಲು ಇಟ್ಟಿದ್ದ ತೂತಿನ ಇಟ್ಟಿಗೆ ಅರ್ಧ ಹೂತುಹೋಗಿತ್ತು. ಉಳಿದರ್ಧಕ್ಕೆ ಚಳಿಗಾಳಿ ಬರುತ್ತದೆಂದು ಯಾರೋ ಹಳೆಯ ಟವೆಲ್ ತುರುಕಿದ್ದರು. ಗೋಡೆಯುದ್ದಕ್ಕೆ ಒಂದು ಅಡಿ ಅಗಲ ಕಲ್ಲು ಕಿತ್ತು, ಇಟ್ಟಿಗೆ ಬಿಡಿಸಿದರೆ ಮುಗಿಯುತ್ತಿದ್ದ ಕೆಲಸ. ಮಾರುವ ಆರು ತಿಂಗಳ ಮೊದಲು ಮಾಡಿಸಿದ್ದರೆ ಗೋಡೆ ಆರಲು ಸಮಯವೂ ಸಿಗುತ್ತಿತ್ತು. ನನ್ನ ವರದಿಯಲ್ಲಿ ಕೆಂಪು ಬಿತ್ತು, ಬೆಲೆಯೂ ಇಳಿಯಿತು.

ಹಾಗಾಗಿ ನಿಮ್ಮ ಮನೆಗೆ ಸರ್ವೇಯರ್ ಬರಲಿ, ಅದೂ ಮಾರಾಟದ ಬೋರ್ಡ್ ನೆಡುವ ಕೆಲವು ತಿಂಗಳು ಮೊದಲೇ. ವರದಿಗಳಲ್ಲಿ ಮೂರು ಮಟ್ಟಗಳಿವೆ. ಇಷ್ಟು ಹಳೆಯ ಕಟ್ಟಡಕ್ಕೆ ಮೂರನೆಯದೇ ಸರಿ. ಅವರನ್ನು ಅಟ್ಟಕ್ಕೂ ಹತ್ತಿಸಿ. ಕೋಣೆ ದೊಡ್ಡದಾಗಲೆಂದು ಕೆಳಗೆ ಚಿಮಣಿಯ ಉಬ್ಬುಗೋಡೆ ಒಡೆಸಿ, ಮೇಲಿನ ಇಟ್ಟಿಗೆಯ ಭಾರಕ್ಕೆ ಉಕ್ಕಿನ ಆಸರೆ ಕೊಡದೆ ಬಿಟ್ಟ ಮನೆಗಳನ್ನು ಬೆರಳೆಣಿಕೆಗೆ ಸಿಗದಷ್ಟು ನೋಡಿದ್ದೇನೆ. ಅಂಥ ಕೆಲಸ ಅನುಮತಿಯಿಲ್ಲದೆ ನಡೆದಿದ್ದು, 1985ರ ನವೆಂಬರ್ 11ರಿಂದ ಈಚಿನದಾದರೆ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದ ಸಕ್ರಮ ಪ್ರಮಾಣಪತ್ರ ಕೇಳಬಹುದು. ಆದರೆ ಸಾಲಿಸಿಟರನ್ನು ಕೇಳದೆ ಕೌನ್ಸಿಲ್‌ಗೆ ಫೋನ್ ಮಾಡಬೇಡಿ. ಪ್ರಮಾಣಪತ್ರದ ಬದಲು ಕೊಳ್ಳುವವರಿಗೆ ವಿಮೆ ಮಾಡಿಸಿಕೊಡುವ ವಾಡಿಕೆಯೂ ಇದೆ. ಕೌನ್ಸಿಲ್ ಕಿವಿಗೆ ವಿಷಯ ಬಿದ್ದರೆ ಆ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ.

ಇದರಲ್ಲೊಂದು ತೊಡಕೂ ಇದೆ. ವರದಿ ಕೈಗೆ ಬಂದ ಮೇಲೆ ‘ನಮಗೆ ಗೊತ್ತಿರಲಿಲ್ಲ’ ಎನ್ನುವಂತಿಲ್ಲ. ಮಾರುವವರು ತುಂಬುವ ಟಿಎ6 ಎಂಬ ನಮೂನೆಯಲ್ಲಿ ಗೊತ್ತಿದ್ದೂ ತಪ್ಪು ಉತ್ತರ ಬರೆದರೆ ಮನೆ ಕೈಬಿಟ್ಟ ಮೇಲೂ ಪರಿಹಾರದ ದಾವೆ ಬರಬಹುದು. ದುರಸ್ತಿ ಮಾಡಿಸುವ ಮನಸ್ಸಾಗಲಿ ಹಣವಾಗಲಿ ಇಲ್ಲದಿದ್ದರೆ ವರದಿ ತರಿಸಿ ತಲೆಬಿಸಿ ಮಾಡಿಕೊಳ್ಳಬೇಡಿ. ನಿಮ್ಮ ವರದಿಯನ್ನು ನಂಬಿ ಕೊಳ್ಳುವವರು ತಮ್ಮದನ್ನು ಬಿಡುತ್ತಾರೆಂಬ ಆಸೆಯೂ ಬೇಡ. ಆ ಸರ್ವೇಯರ್ ಹೊಣೆ ಹೊರುವುದು ದುಡ್ಡು ಕೊಟ್ಟ ನಿಮಗೆ ಮಾತ್ರ.

ಪ್ರಶ್ನೆ: 2009ರಲ್ಲಿ ಲಂಡನ್ನಿನ ಹ್ಯಾರೋದಲ್ಲಿ ಫ್ಲ್ಯಾಟ್ ಕೊಂಡು ವಾಸವಿದ್ದು, 2018ರಲ್ಲಿ ಮೈಸೂರಿಗೆ ಮರಳಿದೆವು. ಅಂದಿನಿಂದ ಬಾಡಿಗೆಗೆ ಕೊಟ್ಟಿದ್ದೇವೆ. ಈಗ ಕೊಳ್ಳುವವರು ಸಿಕ್ಕಿದ್ದಾರೆ. ಅಲ್ಲಿನ ಅಕೌಂಟೆಂಟ್ ‘2015ರ ವ್ಯಾಲ್ಯುಯೇಶನ್ ಬೇಕು’ ಎನ್ನುತ್ತಾರೆ. ಕಳೆದುಹೋದ ವರ್ಷದ ಬೆಲೆಯನ್ನು ಈಗ ಯಾರು ಹೇಳುತ್ತಾರೆ?

ಉತ್ತರ: ಚಾರ್ಟರ್ಡ್ ಸರ್ವೇಯರ್ ಹೇಳುತ್ತಾರೆ. ಲೆಸ್ಟರ್‌ನವರಿಗೆ ಬೆಲೆಗಾಗಿ ಬೇಡ ಎಂದೆ, ನಿಮಗೆ ಬೆಲೆಗಾಗಿಯೇ ಬೇಕು.

ಬ್ರಿಟನ್ನಿನಲ್ಲಿ ವಾಸವಿಲ್ಲದವರು ಅಲ್ಲಿನ ಮನೆ ಮಾರಿ ಗಳಿಸಿದ ಲಾಭಕ್ಕೆ 2015ರ ಏಪ್ರಿಲ್ 6ರಿಂದ ತೆರಿಗೆ ಬಂತು. ಆದ್ದರಿಂದ ಹಿಂದಿನ ದಿನ, ಅಂದರೆ ಏಪ್ರಿಲ್ 5ರಂದು ಫ್ಲ್ಯಾಟಿನ ಬೆಲೆ ಎಷ್ಟಿತ್ತೋ ಅಲ್ಲಿಂದ ಲಾಭ ಎಣಿಸುತ್ತಾರೆ. ತೆರಿಗೆಯ ಮೇಲ್ದರ ಶೇ 24. ಆ ದಿನದ ಬೆಲೆ 10 ಸಾವಿರ ಪೌಂಡ್ ಆಚೀಚೆಯಾದರೆ 2,400 ಪೌಂಡ್ ಆಚೀಚೆಯಾಗುತ್ತದೆ. ಏಜೆಂಟರ ಒಂದು ಸಾಲಿನ ಇಮೇಲ್ ತೆರಿಗೆ ಇಲಾಖೆಯ ಮುಂದೆ ನಿಲ್ಲುವುದು ಕಷ್ಟ. ‘ರೆಡ್ ಬುಕ್’ ಎಂದು ಕರೆಯುವ ಆರ್‌ಐಸಿಎಸ್ ನಿಯಮಾವಳಿಯ ಪ್ರಕಾರ, ನೋಂದಾಯಿತ ಮೌಲ್ಯಮಾಪಕರು ಸಹಿ ಮಾಡಿದ ವರದಿ ಕೇಳಿ. ಅದರಲ್ಲಿ ದಿನಾಂಕವೂ ಉದ್ದೇಶವೂ ಸ್ಪಷ್ಟವಾಗಿರಲಿ.

ಅದೇ ಕಟ್ಟಡದಲ್ಲಿ, ಅಕ್ಕಪಕ್ಕದಲ್ಲಿ ಆ ದಿನದ ಆಸುಪಾಸಿನ ತಿಂಗಳುಗಳಲ್ಲಿ ನಡೆದ ಮಾರಾಟಗಳನ್ನು ಹೋಲಿಸಿ ಅವರು ಬೆಲೆ ಕಟ್ಟುತ್ತಾರೆ. ಫ್ಲ್ಯಾಟ್ ಅಂದು ಇದ್ದ ಸ್ಥಿತಿಯೇ ಲೆಕ್ಕಕ್ಕೆ. ಅಡುಗೆಮನೆ ಆಮೇಲೆ ಹೊಸದಾಗಿದ್ದರೆ ಅದು ಬಾರದು. ಮಗುವಿನ ಹುಟ್ಟುಹಬ್ಬದ ಹಳೆಯ ಫೋಟೊದಲ್ಲಿ ಹಿಂದಿನ ಕಪಾಟು ಕಾಣುತ್ತಿದ್ದರೆ ಅದೂ ಸಾಕ್ಷಿ, ಹುಡುಕಿ ಕಳಿಸಿ. ಲೀಸ್‌ಹೋಲ್ಡ್ (ನಿಗದಿತ ವರ್ಷಗಳ ಗುತ್ತಿಗೆ) ಆಗಿದ್ದರೆ ಲೀಸಿನ ಪ್ರತಿ ತಪ್ಪಬಾರದು. ಅಂದು ಎಷ್ಟು ವರ್ಷ ಉಳಿದಿತ್ತು ಎಂಬುದರ ಮೇಲೂ ಬೆಲೆ ನಿಂತಿದೆ.

ಇನ್ನೊಂದು ಲೆಕ್ಕವನ್ನೂ ಅಕೌಂಟೆಂಟ್‌ರಿಂದ ಮಾಡಿಸಿ. 2015ರ ಬದಲು ಕೊಂಡ ದಿನದಿಂದಲೇ ಲಾಭ ಎಣಿಸಿ ಎಂದು ಕೇಳಲು ಅವಕಾಶವಿದೆ. ಒಂಬತ್ತು ವರ್ಷ ಅಲ್ಲೇ ವಾಸವಿದ್ದುದರಿಂದ ಆ ದಾರಿಯಲ್ಲಿ ವಾಸದ ಮನೆಯ ವಿನಾಯಿತಿ ದೊಡ್ಡದಾಗಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾರಾಟ ಪೂರ್ಣವಾದ 60 ದಿನಗಳೊಳಗೆ ಬ್ರಿಟನ್ನಿನ ತೆರಿಗೆ ಇಲಾಖೆಗೆ ಲೆಕ್ಕ ಸಲ್ಲಿಸಲೇಬೇಕು, ತೆರಿಗೆ ಶೂನ್ಯವಾದರೂ. ಸರ್ವೇಯರ್‌ಗೆ ಈಗಲೇ ಬರೆಯಿರಿ. ಭಾರತದಲ್ಲಿ ನೀವು ನಿವಾಸಿಯಾಗಿರುವುದರಿಂದ ಇಲ್ಲಿಯೂ ಲೆಕ್ಕ ಕೊಡಬೇಕು. ಆದರೆ ಇಲ್ಲಿ 2015ರ ಬೆಲೆ ನಡೆಯದು, ಕೊಂಡ ಬೆಲೆಯೇ ಆಧಾರ. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ವಜಾ ಹಾಕಿಸಲು ನಿಮ್ಮ ಆಡಿಟರಿಗೆ ಆ ರಸೀದಿ ಬೇಕಾಗುತ್ತದೆ.

ಪ್ರಶ್ನೆ: ನಾವಿರುವುದು ಗ್ಲಾಸ್ಗೋದಲ್ಲಿ. ಸರ್ವೇಯರ್ ವರದಿಯ ಖರ್ಚು ಮಾರುವ ನಮ್ಮದೇ ಎಂದು ಏಜೆಂಟ್ ಹೇಳುತ್ತಿದ್ದಾರೆ. ಮೋಸವೇ?

ಉತ್ತರ: ಇಲ್ಲ. ಸ್ಕಾಟ್ಲೆಂಡಿನ ಕಾನೂನೇ ಬೇರೆ. 2008ರ ಡಿಸೆಂಬರ್ 1ರಿಂದ ಅಲ್ಲಿ ಮನೆ ಮಾರುವವರೇ ‘ಹೋಮ್ ರಿಪೋರ್ಟ್’ ಮಾಡಿಸಬೇಕು; ಹೊಚ್ಚ ಹೊಸ ಮನೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕಟ್ಟಡದ ಸ್ಥಿತಿ ಮತ್ತು ಬೆಲೆ, ಇಂಧನ ಬಳಕೆ ಇವೆರಡು ಸರ್ವೇಯರ್ ಬರೆಯುವ ಭಾಗಗಳು. ಮೂರನೆಯದು ನೀವೇ ತುಂಬುವ ಪ್ರಶ್ನಾವಳಿ. ಕೊಳ್ಳುವವರೂ ಈ ವರದಿಯನ್ನು ನೆಚ್ಚಬಹುದು. ಮನೆಯನ್ನು ಮಾರುಕಟ್ಟೆಗೆ ಇಡುವ ದಿನ ವರದಿ 12 ವಾರಕ್ಕಿಂತ ಹಳೆಯದಾಗಿರಬಾರದು. ಬೇಸಿಗೆ ರಜೆಗೆ ಊರಿಗೆ ಬರುವ ಯೋಚನೆಯಿದ್ದರೆ ವರದಿಯನ್ನು ಬಂದುಹೋದ ಮೇಲೆಯೇ ಮಾಡಿಸಿ.